ಬಿಸಿಲಿನ ಚಿತ್ರ, ಬೆಳಕಿನ ದರ್ಶನ

ಕಂಡ ಚೆಲುವನ್ನು ಕೈವಶ ಮಾಡಿಕೊಳ್ಳಬೇಕೆಂಬ ಹಂಬಲ ಮನುಷ್ಯನಿಗೆ ಸಹಜವಾದುದು. ಹೂವನ್ನು ಕಂಡವನು ಅದನ್ನು ಕೊಯ್ಯಲು ಕೈ ಚಾಚುತ್ತಾನೆ. ಇಂಪಾಗಿ ಕೂಗುವ ಹಕ್ಕಿಯನ್ನು ಕಂಡವನು ಪಂಜರವನ್ನು ನೆನೆಯುತ್ತಾನೆ. ಹರಿಯುವ ನದಿಯನ್ನು ಕಂಡ ಯಾತ್ರಿಕನು ತಂಬಿಗೆಯಲ್ಲಿ ತೀರ್ಥವನ್ನು ತುಂಬಿಕೊಳ್ಳುತ್ತಾನೆ. ಬೆಳಕೊಂದು ಮಾತ್ರ ಬಹುಕಾಲ ಈ ಹಂಬಲಕ್ಕೆ ಸಿಕ್ಕದೆ ಉಳಿದಿತ್ತು. ಅದನ್ನು ಕೊಯ್ಯಲು ಬಾರದು, ಕೂಡಿಹಾಕಲು ಬಾರದು. ಮುಷ್ಟಿಯಲ್ಲಿ ಹಿಡಿದರೆ ಮುಷ್ಟಿಯೊಳಗೆ ಕತ್ತಲೆಯೇ ಉಳಿಯುವುದು. ಇಂಥ ಬೆಳಕನ್ನು ಹಿಡಿಯುವ ಯಂತ್ರವು ಈಗ ಪ್ರತಿಯೊಬ್ಬನ ಜೇಬಿನಲ್ಲಿಯೂ ಇದೆ. ಅದರ ಉಪಯೋಗದಿಂದ ಮನುಷ್ಯನಿಗೆ ದೊರೆತದ್ದೇನು, ಕಳೆದುಹೋದದ್ದೇನು ಎಂಬುದು ವಿಚಾರಮಾಡತಕ್ಕ ಪ್ರಶ್ನೆಯಾಗಿದೆ.

ಈ ಪ್ರಶ್ನೆಗೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ. ಪ್ರತಿ ವರ್ಷವೂ ಯುಗಾದಿಗೆ ಮುಂಚೆ ರಾಯಚೂರು, ಕಲಬುರಗಿ, ವಿಜಯಪುರ, ಬಾಗಲಕೋಟೆಗಳ ಕಡೆಯಿಂದ ಸಾವಿರಾರು ಭಕ್ತರು ಶ್ರೀಶೈಲದ ಮಲ್ಲಯ್ಯನ ದರ್ಶನಕ್ಕಾಗಿ ಕಾಲ್ನಡಿಗೆಯಲ್ಲಿ ಹೊರಡುವುದು ಈ ಸೀಮೆಯವರೆಲ್ಲರೂ ಬಲ್ಲ ಸಂಗತಿ. ಕರ್ನೂಲು ಕಡೆಯ ಆತ್ಮಕೂರನ್ನು ದಾಟಿ, ವೆಂಕಟಾಪುರ, ನಾಗಲೂಟಿ, ಪೆದ್ದ ಚೆರುವು, ಭೀಮುನಿ ಕೊಲನುಗಳ ಮಾರ್ಗವಾಗಿ, ನಲ್ಲಮಲದ ಅರಣ್ಯವನ್ನು ಹಾಯ್ದು, ಅವರು ಕೈಲಾಸದ್ವಾರದ ಮೆಟ್ಟಿಲುಗಳನ್ನು ಸೇರುತ್ತಾರೆ. ಫಾಲ್ಗುಣದ ಆ ದಿನಗಳಲ್ಲಿ ಕಾಡಿನ ತೇಗ, ಮತ್ತಿ, ದಿಂಡುಗಗಳು ಎಲೆಯುದುರಿಸಿ ನಿಂತಿರುತ್ತವೆ. ಮುಂಜಾವಿನಲ್ಲಿ ಓರೆಯಾಗಿ ಬೀಳುವ ಬಿಸಿಲು ಬಿದಿರಿನ ಮೆಳೆಗಳ ನಡುವೆ ಕೋಲುಕೋಲಾಗಿ ಇಳಿಯುತ್ತದೆ. ಹಿಂದಿನ ಯಾತ್ರಿಕನು ಅದನ್ನು ಕಂಡು ಕೈಮುಗಿದು ಮುಂದೆ ನಡೆಯುತ್ತಿದ್ದನು. ಈಗಿನ ತರುಣನು ನಿಂತು, ಮೊಬೈಲನ್ನು ಎತ್ತಿ, ಚಿತ್ರವೊಂದನ್ನು ತೆಗೆದುಕೊಂಡು ಮುಂದೆ ನಡೆಯುತ್ತಾನೆ. ಇಬ್ಬರೂ ಕೈ ಎತ್ತಿದವರೇ. ಇಬ್ಬರ ಕೈಗಳೂ ಮಾಡಿದ ಕಾರ್ಯ ಒಂದೆಯೋ, ಬೇರೆಯೋ?

ಹಿರಿಯರು ಹೇಳುವುದು ಹೀಗೆ: ಕಣ್ಣು ದೇವರು ಕೊಟ್ಟದ್ದು, ನೋಡುವುದಕ್ಕೆ ಅದು ಸಾಕು. ಯಂತ್ರವನ್ನು ಕಣ್ಣಿಗೂ ಕಂಡದ್ದಕ್ಕೂ ನಡುವೆ ತಂದವನು ನೋಡುವುದನ್ನೇ ಬಿಡುತ್ತಾನೆ. ತರುಣರು ಹೇಳುವುದು ಹೀಗೆ: ಮಂಡಿನೋವಿನಿಂದ ಮನೆಯಲ್ಲಿ ಕುಳಿತ ತಾಯಿ ಈ ಕಾಡನ್ನು ಕಾಣುವ ಬಗೆ ಯಾವುದು? ಕಂಡ ಚೆಲುವನ್ನು ಕಾಣದವರಿಗೆ ಮುಟ್ಟಿಸುವುದು ಪಾಪವೇ? ಎರಡು ಮಾತುಗಳಲ್ಲಿಯೂ ಸತ್ಯವಿದೆ. ಆದುದರಿಂದ ಒಂದನ್ನು ಮೂಢತನವೆಂದೂ ಇನ್ನೊಂದನ್ನು ಉಡಾಫೆಯೆಂದೂ ತಳ್ಳಿಬಿಡುವುದು ನ್ಯಾಯವಲ್ಲ.

ಮೊದಲು ಮಾತನ್ನೇ ವಿಚಾರಿಸಬಹುದು. ನಾರಾಯಣಪೇಟೆ, ಮಕ್ತಲ, ಗದ್ವಾಲಗಳ ಜನರಿಗೆ ಎರಡು ನುಡಿಗಳ ಭಾಗ್ಯವುಂಟು. ಕನ್ನಡದ ಬೆಳಕು ತೆಲುಗಿನ ವೆಲುಗು. ಒಂದೇ ತಾಯಿಬೇರಿನ ಎರಡು ಚಿಗುರು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾದಾಗ ರಾಯಚೂರು ಜಿಲ್ಲೆಯ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದುವು. ಮುಂದೆ ತೆಲಂಗಾಣದ ಭಾಗವಾದುವು. ಗೆರೆ ನೆಲದ ಮೇಲೆ ಎಳೆಯಲ್ಪಟ್ಟಿತೇ ಹೊರತು ಮನೆಯಂಗಳದ ಮಾತಿನ ಮೇಲಲ್ಲ. ಈ ಎರಡು ನುಡಿಗಳೂ ಚಿತ್ರದ ವಿಷಯದಲ್ಲಿ ಒಂದೇ ಬಗೆಯಾಗಿ ಆಡುತ್ತವೆ. ಕನ್ನಡಿಗನು ಫೋಟೋ ‘ತೆಗೆ’ ಎನ್ನುತ್ತಾನೆ. ತೆಲುಗನು ಫೋಟೋ ‘ತೀಯಿ’ ಎನ್ನುತ್ತಾನೆ. ಈ ತೆಗೆ ಎಂಬ ಮಾತಿಗೆ ಎರಡು ಅರ್ಥಗಳಿವೆ. ಪೆಟ್ಟಿಗೆಯಿಂದ ಒಡವೆಯನ್ನು ತೆಗೆ ಎಂದರೆ ಇದ್ದಲ್ಲಿಂದ ಎತ್ತಿಕೊಳ್ಳುವುದು. ಬಾಗಿಲು ತೆಗೆ ಎಂದರೆ ತೆರೆಯುವುದು. ತೆಲುಗಿನಲ್ಲಿಯೂ ತಲುಪು ತೀಯಿ ಎಂದರೆ ಬಾಗಿಲನ್ನು ತೆರೆಯುವುದೇ ಆಗಿದೆ. ಹೀಗಿರಲು ಕಾಡಿನಲ್ಲಿ ಬಿಸಿಲಿನ ಚಿತ್ರವನ್ನು ತೆಗೆಯುವವನು ಯಾವ ಅರ್ಥದಲ್ಲಿ ತೆಗೆಯುತ್ತಾನೆ? ಅವನು ಎತ್ತಿಕೊಂಡು ಹೋಗುವವನೋ, ಬಾಗಿಲು ತೆರೆಯುವವನೋ? ಇಡೀ ಧರ್ಮಸೂಕ್ಷ್ಮವು ಈ ಒಂದು ಮಾತಿನ ಎರಡು ಅರ್ಥಗಳ ನಡುವೆ ಅಡಗಿದೆ.

ಇನ್ನು ಅವನು ತೆಗೆಯುವ ವಸ್ತುವಾದರೂ ಯಾವುದು? ಬಿಸಿಲುಕೋಲಿನ ಚಿತ್ರವೆಂದು ಅವನು ಹೇಳುತ್ತಾನೆ. ಆದರೆ ಬೆಳಕು ತಾನಾಗಿ ಕಣ್ಣಿಗೆ ಕಾಣುವ ವಸ್ತುವಲ್ಲ. ಅದು ಯಾವುದರ ಮೇಲೆ ಬೀಳುವುದೋ ಅದನ್ನು ಕಾಣಿಸುವುದು. ದೇವಾಲಯದ ಗವಾಕ್ಷಿಯಿಂದ ಒಳಗಿಳಿಯುವ ಬಿಸಿಲು ಧೂಪದ ಹೊಗೆಯೆದ್ದಾಗ ಮಾತ್ರ ಕಂಬದಂತೆ ಎದ್ದು ತೋರುವುದನ್ನು ಎಲ್ಲರೂ ಕಂಡಿದ್ದಾರೆ. ಹೊಗೆಯ ಕಣಗಳು ಬೆಳಕನ್ನು ಸುತ್ತಲೂ ಚೆದರಿಸುವುದೇ ಅದಕ್ಕೆ ಕಾರಣ. ಹತ್ತೊಂಬತ್ತನೆಯ ಶತಮಾನದಲ್ಲಿ ಜಾನ್ ಟಿಂಡಾಲನು ಈ ವಿಷಯವನ್ನು ಪ್ರಯೋಗಗಳಿಂದ ವಿಶದಪಡಿಸಿದನು. ಕಾಡಿನಲ್ಲಿ ಧೂಪದ ಕಾರ್ಯವನ್ನು ಮಂಜೂ ಧೂಳೂ ಮಾಡುತ್ತವೆ. ಶ್ರೀಶೈಲದ ದಾರಿಯಲ್ಲಾದರೋ ಆ ಧೂಳು ಎಲ್ಲಿಂದ ಬಂದಿತು? ಮುಂದೆ ನಡೆದುಹೋದ ಸಾವಿರಾರು ಯಾತ್ರಿಕರ ಪಾದಗಳಿಂದ. ಮುಂದಿನವರ ಪಾದಧೂಳಿಯಿಂದ ಹಿಂದಿನವನಿಗೆ ಬೆಳಕು ಕಾಣುತ್ತಿದೆ! ಧೂಳೆಬ್ಬಿಸಿದವನು ಅದನ್ನು ತಿರುಗಿ ನೋಡಲಿಲ್ಲ. ನೋಡಿದವನು ಅದನ್ನು ಎಬ್ಬಿಸಲಿಲ್ಲ. ಹೀಗಿರುವಾಗ ಈ ಬಿಸಿಲುಕೋಲು ತನ್ನದೆಂದು ಯಾವನು ಹೇಳಿಕೊಳ್ಳಬಲ್ಲನು?

ಆ ಕೋಲುಗಳು ಬೀಸಣಿಗೆಯಂತೆ ಒಂದು ಬಿಂದುವಿನಿಂದ ಹರಡಿಕೊಂಡಂತೆ ತೋರುವುದೂ ಕಣ್ಣಿನ ಭ್ರಮೆಯೇ ಆಗಿದೆ. ಸೂರ್ಯನು ಸುಮಾರು 15 ಕೋಟಿ ಕಿಲೋಮೀಟರು ದೂರದಲ್ಲಿರುವನಾದ್ದರಿಂದ ಅವನ ಕಿರಣಗಳು ಬಹುಮಟ್ಟಿಗೆ ಸಮಾನಾಂತರವಾಗಿಯೇ ಬರುತ್ತವೆ. ಕೃಷ್ಣಾ ಸ್ಟೇಷನ್ನಿನಲ್ಲಿ ನಿಂತು ನೋಡಿದರೆ ರೈಲಿನ ಹಳಿಗಳು ದೂರದಲ್ಲಿ ಒಂದಾದಂತೆ ಕಾಣುವುದಷ್ಟೆ. ಕಿರಣಗಳ ಮಾತೂ ಹಾಗೆಯೇ. ಅಲ್ಲದೆ ಆ ಬೆಳಕು ಸೂರ್ಯನಿಂದ ಹೊರಟು ಭೂಮಿಯನ್ನು ಸೇರಲು ಸುಮಾರು 500 ಸೆಕೆಂಡುಗಳು, ಎಂದರೆ ಎಂಟು ನಿಮಿಷಕ್ಕೂ ಮಿಗಿಲಾದ ಕಾಲ, ಬೇಕಾಗುವುದು. ಕ್ಷಣವನ್ನು ಹಿಡಿದೆನೆಂದು ಹೇಳುವವನು ಎಂಟು ನಿಮಿಷದ ಹಿಂದೆ ಹೊರಟದ್ದನ್ನು ಬರಮಾಡಿಕೊಂಡವನು ಮಾತ್ರ. ಹಿಡಿಯುವವನೆಂಬ ಅಭಿಮಾನವು ಇಲ್ಲಿಯೇ ಅರ್ಧದಷ್ಟು ಇಳಿದುಹೋಗಬೇಕು.

ಮಿಕ್ಕ ಅರ್ಧವನ್ನು ಮರಗಳೇ ಇಳಿಸುತ್ತವೆ. ದಟ್ಟವಾದ ಮರದ ಕೆಳಗೆ ನೆಲದ ಮೇಲೆ ಬೀಳುವ ಬಿಸಿಲಿನ ಚುಕ್ಕೆಗಳನ್ನು ಗಮನಿಸಿದವರುಂಟೆ? ಎಲೆಗಳ ನಡುವಣ ಸಂದುಗಳು ಮೂಲೆಮೂಲೆಯಾಗಿ, ಹರಕುಹರಕಾಗಿ ಇರುತ್ತವೆ. ಆದರೆ ಕೆಳಗೆ ಬೀಳುವ ಚುಕ್ಕೆಗಳು ದುಂಡಗಿರುತ್ತವೆ. ಏಕೆಂದರೆ ಅವು ಸಂದಿನ ಆಕಾರವಲ್ಲ, ಸೂರ್ಯಬಿಂಬಗಳು. ಪ್ರತಿಯೊಂದು ಕಿರುಸಂದೂ ಒಂದು ಸೂಜಿರಂಧ್ರವಾಗಿ ಸೂರ್ಯನ ಚಿತ್ರವನ್ನು ನೆಲದ ಮೇಲೆ ಬರೆಯುತ್ತದೆ. ಸೂರ್ಯನ ದೂರವು ಅವನ ವ್ಯಾಸದ ಸುಮಾರು 108 ಪಟ್ಟು. ಆದುದರಿಂದ ಸೂರ್ಯನು ನೆತ್ತಿಯ ಮೇಲಿರುವಾಗ, ಸುಮಾರು ಹನ್ನೊಂದು ಮೀಟರು ಎತ್ತರದ ಸಂದಿನಿಂದ ಬೀಳುವ ಬಿಂಬದ ಅಗಲವು ಸುಮಾರು ಹತ್ತು ಸೆಂಟಿಮೀಟರು. ಜಪಮಾಲೆಯ ಮಣಿಗಳ ಸಂಖ್ಯೆ ಈ ಲೆಕ್ಕದಿಂದಲೇ ಹುಟ್ಟಿತೆಂದು ಹೇಳಲು ಆಧಾರವಿಲ್ಲ. ಆದರೂ ಭಾವುಕನಿಗೆ ಅದರ ನೆನಪಾಗುವುದು ತಪ್ಪೇನಲ್ಲ. ಮಹಬೂಬನಗರದ ಸಮೀಪದಲ್ಲಿ ನೂರಾರು ವರ್ಷಗಳಿಂದ ಹಬ್ಬಿಕೊಂಡಿರುವ ಪಿಲ್ಲಲಮರ್ರಿಯ ಆಲದ ಕೆಳಗೂ, ಮಕ್ತಲದ ಬಳಿ ಕೃಷ್ಣೆಯ ನಡುಗಡ್ಡೆಯಾದ ಕುರವಪುರದ ವಟವೃಕ್ಷದ ಕೆಳಗೂ, ಸಣ್ಣ ಸೂರ್ಯರು ದಿನವೂ ಸಾವಿರಾರು ಸಂಖ್ಯೆಯಲ್ಲಿ ಇಳಿಯುತ್ತಾರೆ. 1980ರ ಫೆಬ್ರವರಿ 16ರಂದು ಖಗ್ರಾಸ ಸೂರ್ಯಗ್ರಹಣದ ನೆರಳು ಅಂಕೋಲಾ, ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾಯ್ದು ಈ ಸೀಮೆಯ ಮೂಲಕ ನಲ್ಲಗೊಂಡದ ಕಡೆಗೆ ಸಾಗಿತು. ಇಂಥ ಗ್ರಹಣದ ವೇಳೆಯಲ್ಲಿ ಮರದ ಕೆಳಗಿನ ದುಂಡುಬಿಂಬಗಳೆಲ್ಲವೂ ಒಮ್ಮೆಗೇ ಕುಡುಗೋಲಿನಾಕಾರವನ್ನು ತಾಳುತ್ತವೆ. ಮನುಷ್ಯನು ಕ್ಯಾಮೆರಾವನ್ನು ಕಾಣುವ ಎಷ್ಟೋ ಯುಗಗಳ ಮುಂಚೆಯೇ ಕಾಡು ಸೂರ್ಯನ ಚಿತ್ರವನ್ನು ತೆಗೆಯುತ್ತಿದ್ದಿತು!

ದೇವಾಲಯವೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲ. ಹಂಪೆಯ ವಿರೂಪಾಕ್ಷನ ಗುಡಿಗೆ ಹೋದವರು ಗರ್ಭಗುಡಿಯ ಹಿಂದಣ ಕತ್ತಲೆಯ ಎಡೆಯಲ್ಲಿ ಒಂದು ವಿಚಿತ್ರವನ್ನು ಕಂಡಿರುತ್ತಾರೆ. ಸುಮಾರು ಐವತ್ತು ಮೀಟರು ಎತ್ತರದ ಪೂರ್ವದಿಕ್ಕಿನ ರಾಜಗೋಪುರದ ಬಿಂಬವು ಒಂದು ಸಣ್ಣ ಕಿಂಡಿಯ ಮೂಲಕ ಒಳಬಂದು ಗೋಡೆಯ ಮೇಲೆ ತಲೆಕೆಳಗಾಗಿ ಮೂಡುತ್ತದೆ. ಕ್ಯಾಮೆರಾ ಎಂಬ ಶಬ್ದಕ್ಕೆ ಲ್ಯಾಟಿನ್ ಭಾಷೆಯಲ್ಲಿ ಕೋಣೆಯೆಂದೇ ಅರ್ಥ. ಕತ್ತಲೆಯ ಕೋಣೆಗೆ ಒಂದೇ ಒಂದು ಕಿರುಬಾಗಿಲಿದ್ದರೆ ಹೊರಗಿನ ಲೋಕವು ಒಳಗೆ ಮೂಡುವುದು. ಗೋಡೆಗಳನ್ನೆಲ್ಲ ಕೆಡವಿ ಬೆಳಕನ್ನು ಯಥೇಚ್ಛವಾಗಿ ಬಿಟ್ಟರೆ ಬೆಳಕು ಹೆಚ್ಚುವುದು, ಚಿತ್ರ ಅಳಿಯುವುದು. ಗರ್ಭಗೃಹಕ್ಕೆ ಕಿಟಕಿಗಳಿಲ್ಲದೆ ಒಂದೇ ಬಾಗಿಲಿರುವುದನ್ನು ಬಲ್ಲವರಿಗೆ ಈ ಮಾತು ಹೊಸತಲ್ಲ. ಮನಸ್ಸಿನ ವಿಷಯದಲ್ಲಿಯೂ ಹೀಗೆಯೇ: ಎಲ್ಲ ಇಂದ್ರಿಯಗಳ ಬಾಗಿಲುಗಳನ್ನೂ ಏಕಕಾಲದಲ್ಲಿ ತೆರೆದಿಟ್ಟವನ ಒಳಗೆ ಯಾವ ಬಿಂಬವೂ ನಿಲ್ಲುವುದಿಲ್ಲ.

ಹಾಗಾದರೆ ಯಂತ್ರವು ದೋಷಿಯಲ್ಲ. ಬಿಂಬ ಮೂಡುವುದು ಸೃಷ್ಟಿಯ ಸಹಜಧರ್ಮ. ಮನುಷ್ಯನು ಅದಕ್ಕೆ ಹೊಸದಾಗಿ ಸೇರಿಸಿದುದು ಒಂದನ್ನೇ: ಉಳಿಸಿಕೊಳ್ಳುವುದು. ಹಂಪೆಯ ಗೋಡೆಯ ಮೇಲಿನ ಬಿಂಬವು ಸಂಜೆಗೆ ಮಾಯವಾಗುತ್ತದೆ. ಆಲದ ಕೆಳಗಿನ ಸೂರ್ಯರು ಗಳಿಗೆಗಳಿಗೆಗೂ ಸರಿಯುತ್ತಾರೆ. 1839ರಲ್ಲಿ ಫ್ರಾನ್ಸಿನ ಡಾಗೇರನ ವಿಧಾನವು ಪ್ರಕಟವಾದಂದಿನಿಂದ ಮೂಡಿದ ಬಿಂಬವನ್ನು ನಿಲ್ಲಿಸುವ ವಿದ್ಯೆ ಲೋಕದಲ್ಲಿ ಹರಡಿತು. ಈ ಸೀಮೆಯು ನಿಜಾಮರ ರಾಜ್ಯಕ್ಕೆ ಸೇರಿದ್ದ ಕಾಲದಲ್ಲಿ ಆರನೆಯ ನಿಜಾಮರ ಆಸ್ಥಾನದ ಛಾಯಾಗ್ರಾಹಕನಾಗಿದ್ದ ರಾಜಾ ದೀನ್ ದಯಾಳ್ (1844–1905) ಆ ವಿದ್ಯೆಯನ್ನು ಎತ್ತರಕ್ಕೆ ಕೊಂಡೊಯ್ದನು. ಆಗಿನ ಫಲಕಗಳಲ್ಲಿ ಬೆಳ್ಳಿಯ ಲವಣಗಳಿರುತ್ತಿದ್ದುವು. ಬೆಳಕು ತಗುಲಿದ ಎಡೆಯೇ ಅದರಲ್ಲಿ ಕಪ್ಪಾಗುತ್ತಿತ್ತು. ಆ ಪ್ರತಿಕೃತಿಯಿಂದ ಮತ್ತೊಮ್ಮೆ ಮುದ್ರಿಸಿದಾಗ ಮಾತ್ರ ಬೆಳಕು ಬೆಳಕಾಗಿ ತೋರುತ್ತಿತ್ತು. ಬೆಳಕನ್ನು ಉಳಿಸಿಕೊಳ್ಳಹೊರಟವನಿಗೆ ಮೊದಲು ದೊರೆತದ್ದು ಕಪ್ಪು ಎಂಬುದು ನೆನಪಿಡತಕ್ಕ ಮಾತು.

ಆದುದರಿಂದ ಧರ್ಮದ ಪ್ರಶ್ನೆ ಹುಟ್ಟುವುದು ನೋಡುವುದರಲ್ಲಿಯೂ ಅಲ್ಲ, ಯಂತ್ರದಲ್ಲಿಯೂ ಅಲ್ಲ, ಉಳಿಸಿಕೊಳ್ಳುವುದರಲ್ಲಿ. ಉಳಿಸಿಕೊಳ್ಳುವುದಕ್ಕೂ ಒಳ್ಳೆಯ ಬಗೆಯೊಂದು ಉಂಟೆಂಬುದಕ್ಕೆ ಮಕ್ತಲದ ನೆರೆಯಲ್ಲಿಯೇ ಸಾಕ್ಷಿಯಿದೆ. ಕೃಷ್ಣಾ ಮಂಡಲದ ಮುಡುಮಾಲದಲ್ಲಿ ನದಿಯ ತಡಿಗೆ ಸಮೀಪವಾಗಿ ನಿಂತಿರುವ ನಿಲುವುಗಲ್ಲುಗಳನ್ನು ಈ ಕಡೆಯ ಜನರೆಲ್ಲ ಬಲ್ಲರು. ಬೃಹತ್ ಶಿಲಾಯುಗದ ಈ ಕಲ್ಲುಗಳಲ್ಲಿ ಹತ್ತು ಹದಿನಾಲ್ಕು ಅಡಿ ಎತ್ತರದವು ಹಲವಿವೆ. ಹೈದರಾಬಾದ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಕೆ. ಪಿ. ರಾವ್ ಅವರು ಇವುಗಳನ್ನು ಬಹುಕಾಲ ಅಭ್ಯಾಸಮಾಡಿ, ಉತ್ತರಾಯಣ ದಕ್ಷಿಣಾಯನಗಳ ಸಂಧಿಯಲ್ಲಿ ಸೂರ್ಯನು ಹುಟ್ಟುವ ಮತ್ತು ಮುಳುಗುವ ದಿಕ್ಕುಗಳಿಗೆ ಸರಿಯಾಗಿ ಕೆಲವು ಸಾಲುಗಳಿವೆಯೆಂದೂ, ಒಂದು ಬಂಡೆಯ ಮೇಲಿನ ಕುಳಿಗಳು ಸಪ್ತರ್ಷಿಮಂಡಲವನ್ನು ತೋರಿಸುತ್ತವೆಯೆಂದೂ ತಿಳಿಸಿದ್ದಾರೆ. 2025ರ ಮಾರ್ಚಿಯಲ್ಲಿ ಈ ಸ್ಥಳವು ಯುನೆಸ್ಕೋ ಸಂಸ್ಥೆಯ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತು. ಮೂರು ಸಾವಿರ ವರ್ಷಗಳಿಗೂ ಹಿಂದೆ ಆ ಕಲ್ಲುಗಳನ್ನು ನೆಟ್ಟವರು ಬೆಳಕನ್ನು ಎತ್ತಿಕೊಂಡು ಮನೆಗೆ ಹೋಗಲಿಲ್ಲ. ಅದು ಮತ್ತೆ ಬರುವ ದಾರಿಯನ್ನು ಗುರುತುಮಾಡಿ, ಮುಂದೆ ಬರುವವರೂ ಕಾಣಲೆಂದು ಬಿಟ್ಟುಹೋದರು. ಉಳಿಸುವುದು ಬೇರೆ, ಇಟ್ಟುಕೊಳ್ಳುವುದು ಬೇರೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕೆ?

ಪತಂಜಲಿಯ ಯೋಗಶಾಸ್ತ್ರದಲ್ಲಿ ಹೇಳಿರುವ ಯಮಗಳಲ್ಲಿ ನಾಲ್ಕು ಈ ವಿಷಯಕ್ಕೆ ಒರೆಗಲ್ಲಾಗುತ್ತವೆ. ಮೊದಲನೆಯದು ಅಹಿಂಸೆ. ಬಿಸಿಲುಕೋಲು ಚೆನ್ನಾಗಿ ಕಾಣಲೆಂದು ಒಣಗಿದ ಕಾಡಿನಲ್ಲಿ ಹೊಗೆಯೆಬ್ಬಿಸುವುದು, ಅಡ್ಡವಾದ ಕೊಂಬೆಯನ್ನು ಮುರಿಯುವುದು, ಗೂಡಿನಲ್ಲಿ ಕಾವು ಕೊಡುವ ಹಕ್ಕಿಯನ್ನು ಬೆದರಿಸುವುದು ಇವೆಲ್ಲವೂ ಚಿತ್ರದ ಹೆಸರಿನಲ್ಲಿ ನಡೆಯುವ ಹಿಂಸೆಯೇ. ಬೇಸಗೆಯ ನಲ್ಲಮಲದಲ್ಲಿ ಒಂದು ಕಿಡಿ ಎಷ್ಟು ದೂರ ಹರಿಯಬಲ್ಲುದೆಂಬುದನ್ನು ಅರಣ್ಯದ ಕಾವಲುಗಾರರು ಬಲ್ಲರು. ಪಿಲ್ಲಲಮರ್ರಿಯ ಆಲವೂ ಮನುಷ್ಯರಂತೆ ರೋಗಕ್ಕೆ ಒಳಗಾಗುವ ಜೀವವೇ. ಗೆದ್ದಲು ಹಿಡಿದು ಕೊಂಬೆಗಳು ಬೀಳತೊಡಗಿದಾಗ, ಪ್ರವಾಸಿಗಳ ಪ್ರವೇಶವನ್ನು ನಿಲ್ಲಿಸಿ, 2018ರಲ್ಲಿ ರೋಗಿಗೆ ಸಲೈನ್ ಕೊಡುವಂತೆ ಬಾಟಲಿಗಳಿಂದ ಹನಿಹನಿಯಾಗಿ ಔಷಧವನ್ನು ಕೊಡಬೇಕಾಯಿತು. ಎರಡನೆಯದು ಸತ್ಯ. ಇಲ್ಲದ ಕಿರಣವನ್ನು ಯಂತ್ರದಿಂದ ಬರೆದು ಇದ್ದುದೆಂದು ತೋರಿಸುವ ವಿದ್ಯೆ ಈಗ ಮಕ್ಕಳಿಗೂ ಸುಲಭವಾಗಿದೆ. ಕಲ್ಪನೆಯಿಂದ ಚಿತ್ರ ಬರೆಯುವುದು ತಪ್ಪಲ್ಲ; ಕಲ್ಪನೆಯನ್ನು ಕಂಡದ್ದೆಂದು ಹೇಳುವುದು ತಪ್ಪು.

ಮೂರನೆಯದು ಅಸ್ತೇಯ. ನಲ್ಲಮಲದ ಕಾಡು ಬರಿಯ ಮರಗಳ ಕಾಡಲ್ಲ. ಅದು ಚೆಂಚುಗಳ ಮನೆ. ಚೈತ್ರ ಪೂರ್ಣಿಮೆಯ ಸುತ್ತ ಕೆಲವೇ ದಿನ ತೆರೆಯುವ ಸಲೇಶ್ವರದ ಜಾತ್ರೆಯಲ್ಲಿ ಆಳವಾದ ಕಣಿವೆಗಿಳಿದು ಜಲಪಾತದ ಬಳಿಯ ಲಿಂಗಮಯ್ಯನನ್ನು ಕಾಣುವ ಯಾತ್ರಿಕರಿಗೆ ಪೂಜೆ ಮಾಡಿಸಿಕೊಡುವವರೂ ಚೆಂಚುಗಳೇ. ಬಿಸಿಲಿನ ಚಿತ್ರದಲ್ಲಿ ಅವರ ಗುಡಿಸಲನ್ನೂ ಮಕ್ಕಳನ್ನೂ ಕೇಳದೆ ಸೇರಿಸಿಕೊಳ್ಳುವವನು, ಪರರ ಅಂಗಳದ ಹೂವನ್ನು ಹೇಳದೆ ಕೊಯ್ದವನಿಗಿಂತ ಎಷ್ಟು ಭಿನ್ನ? ನಾಲ್ಕನೆಯದು ಅಪರಿಗ್ರಹ. ಹಿಂದೆ ಒಂದು ಸುರುಳಿ ಫಿಲ್ಮಿನಲ್ಲಿ ಹನ್ನೆರಡೋ ಮೂವತ್ತಾರೋ ಚಿತ್ರಗಳು ಬರುತ್ತಿದ್ದುವು. ಆದುದರಿಂದ ಒಂದು ಚಿತ್ರಕ್ಕೆ ಮುಂಚೆ ಬಹಳ ನೋಟವಿರುತ್ತಿತ್ತು. ಈಗ ಒಂದು ಬೆಳಗಿನಲ್ಲಿ ನೂರಾರು ತೆಗೆದು ಒಂದನ್ನೂ ತಿರುಗಿ ನೋಡದವರೇ ಹೆಚ್ಚು. ಹಗೇವಿನಲ್ಲಿ ಜೋಳವನ್ನು ತುಂಬಿಟ್ಟು ತಾನೂ ಉಣ್ಣದೆ ಪರರಿಗೂ ಇಕ್ಕದೆ ಹುಳು ಹಿಡಿಸಿದವನನ್ನು ಊರು ಹೇಗೆ ನೋಡುವುದೋ, ಇವರನ್ನೂ ಹಾಗೆಯೇ ನೋಡಬೇಕಾಗುತ್ತದೆ.

ಈ ನಾಲ್ಕು ಒರೆಗಳಿಗೂ ನಿಲ್ಲುವಂತೆ ಈ ವಿದ್ಯೆಯನ್ನು ನಡೆಸುವುದು ಸಾಧ್ಯವೆ? ಸಾಧ್ಯವೆಂಬುದಕ್ಕೆ ಕನ್ನಡನಾಡಿನಲ್ಲಿ ನಿದರ್ಶನಗಳಿವೆ. ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ (1932–2017) ಅವರು ಕಾಡಿನ ಛಾಯಾಗ್ರಹಣವನ್ನೇ ಜೀವನದ ಸಾಧನೆಯನ್ನಾಗಿ ಮಾಡಿಕೊಂಡು ಕಿರಿಯರಿಗೆ ಗುರುಗಳಾದರು. ಸಂಡೂರಿನ ಎಂ. ವೈ. ಘೋರ್ಪಡೆ (1931–2011) ಅವರು ರಾಜಮನೆತನದಲ್ಲಿ ಹುಟ್ಟಿ, 1972ರಿಂದ 1977ರವರೆಗೆ ರಾಜ್ಯದ ಹಣಕಾಸಿನ ಮಂತ್ರಿಗಳಾಗಿದ್ದವರು. ಬಿಡುವಾದಾಗಲೆಲ್ಲ ಕ್ಯಾಮೆರಾ ಹಿಡಿದು ಕಾಡಿಗೆ ಹೋಗುತ್ತಿದ್ದರು. 1983ರಲ್ಲಿ ಪ್ರಕಟವಾದ ಅವರ ಪುಸ್ತಕದ ಹೆಸರು ‘ಸನ್‌ಲೈಟ್ ಅಂಡ್ ಶ್ಯಾಡೋಸ್’. ಬಿಸಿಲು ಮತ್ತು ನೆರಳು ಎಂದು ಅದರ ಅರ್ಥ. ಆ ಹೆಸರಿನಲ್ಲಿ ಈ ಕಲೆಯ ಮರ್ಮವಿದೆ. ಕಾಡಿನೊಳಗಿನ ಬಿಸಿಲಿಗೂ ನೆರಳಿಗೂ ಇರುವ ಅಂತರವು ಬಹಳ. ಕಣ್ಣು ಎರಡಕ್ಕೂ ಹೊಂದಿಕೊಳ್ಳಬಲ್ಲುದು; ಫಿಲ್ಮು ಎರಡನ್ನೂ ಪೂರ್ಣವಾಗಿ ಹಿಡಿಯಲಾರದು. ಬಿಸಿಲಿಗೆ ಅಳತೆ ಮಾಡಿದರೆ ನೆರಳು ಕಪ್ಪಾಗುವುದು. ನೆರಳಿಗೆ ಅಳತೆ ಮಾಡಿದರೆ ಬಿಸಿಲು ಬರಿಯ ಬಿಳುಪಾಗಿ ಸುಟ್ಟುಹೋಗುವುದು. ಯಾವುದನ್ನು ಬಿಡಬೇಕೆಂಬುದನ್ನು ಮೊದಲು ನಿಶ್ಚಯಿಸಿದವನಿಗೇ ಚಿತ್ರ ದೊರೆಯುವುದು. ತ್ಯಾಗವಿಲ್ಲದೆ ಭೋಗವಿಲ್ಲವೆಂಬ ಉಪನಿಷತ್ತಿನ ಮಾತನ್ನು ಯಂತ್ರವೂ ಒಪ್ಪುತ್ತದೆ.

ಇದೇ ಘೋರ್ಪಡೆಯವರ ತಂದೆ, ಸಂಡೂರಿನ ಅರಸರಾಗಿದ್ದ ಯಶವಂತರಾವ್ ಘೋರ್ಪಡೆಯವರು, 1932ರಲ್ಲಿ ತಮ್ಮ ಸಂಸ್ಥಾನದ ದೇವಾಲಯವನ್ನು ಹರಿಜನರಿಗೂ ತೆರೆದರು. ಎರಡು ವರ್ಷಗಳ ಮೇಲೆ ಮಹಾತ್ಮಾ ಗಾಂಧಿಯವರು ಸಂಡೂರಿಗೆ ಬಂದಿದ್ದರು. ತಂದೆ ಗುಡಿಯ ಬಾಗಿಲು ತೆಗೆದರು. ಮಗ ಕಾಡಿನ ಚಿತ್ರ ತೆಗೆದರು. ಎರಡನೆಯ ತೆಗೆಯುವಿಕೆಯು ಮೊದಲನೆಯದರ ಜಾತಿಗೆ ಸೇರಿದಾಗ ಅದಕ್ಕೆ ದೋಷವಿಲ್ಲ. ಯಾರು ಒಳಗೆ ಬರಲಾರದೆ ಹೊರಗೆ ನಿಂತಿದ್ದಾರೋ ಅವರಿಗಾಗಿ ತೆರೆದ ಬಾಗಿಲು ಅದು.

ದೇವಾಲಯದ ವಿಧಿಯನ್ನೇ ನೋಡಿದರೆ ಈ ಮಾತು ಇನ್ನೂ ತಿಳಿಯಾಗುತ್ತದೆ. ಗರ್ಭಗುಡಿಯ ಮೂಲಮೂರ್ತಿಯು ಕದಲುವುದಿಲ್ಲ. ಆದರೆ ಒಳಗೆ ಬರಲಾರದ ಮುದುಕರು, ಹಾಸಿಗೆ ಹಿಡಿದವರು, ಬಾಣಂತಿಯರು ಊರಿನಲ್ಲಿದ್ದಾರೆ. ಅವರಿಗಾಗಿ ಉತ್ಸವಮೂರ್ತಿಯು ಪಲ್ಲಕ್ಕಿಯೇರಿ ಬೀದಿಗೆ ಬರುತ್ತದೆ. ಅದು ಮೂಲಮೂರ್ತಿಗೆ ಬದಲಲ್ಲ, ಪೋಟಿಯೂ ಅಲ್ಲ. ಬೀದಿಯನ್ನು ಸುತ್ತಿ ಮತ್ತೆ ಗುಡಿಯನ್ನೇ ಸೇರುತ್ತದೆ. ಅದನ್ನು ಕಂಡವನಿಗೆ ಗುಡಿಯ ನೆನಪು ಹೆಚ್ಚಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ. ಕಾಡಿನ ಬಿಸಿಲಿನ ಚಿತ್ರವೂ ಉತ್ಸವಮೂರ್ತಿಯಂತಿರಬಲ್ಲುದು. ಮಕ್ತಲದ ಮನೆಯೊಂದರ ಕತ್ತಲೆಯ ಮೂಲೆಯಲ್ಲಿ ಕುಳಿತ ಅಜ್ಜಿಗೆ ಭೀಮುನಿ ಕೊಲನಿನ ಮುಂಜಾವನ್ನು ತೋರಿಸಿ, ಆಕೆಯ ಬಾಯಿಂದ ಮಲ್ಲಯ್ಯನ ಹೆಸರನ್ನು ಹೊರಡಿಸಿದ ಚಿತ್ರವು ತನ್ನ ಯಾತ್ರೆಯನ್ನು ಮುಗಿಸಿತು. ತೆಗೆದವನ ಹೆಗ್ಗಳಿಕೆಗಾಗಿ ಮೆರೆಯುವ ಚಿತ್ರವಾದರೋ ಗುಡಿಗೆ ಮರಳದ ಪಲ್ಲಕ್ಕಿಯಂತೆ ಬೀದಿಯಲ್ಲಿಯೇ ಅಲೆಯುತ್ತದೆ.

ಚಿತ್ರದಿಂದ ಇನ್ನೊಂದು ಉಪಕಾರವೂ ಉಂಟು. ಅದು ಸಾಕ್ಷಿ ನುಡಿಯುವುದು. ಶ್ರೀಶೈಲದ ಜಲಾಶಯದಲ್ಲಿ ನೀರು ನಿಲ್ಲುವ ಕಾಲ ಬಂದಾಗ, ಕೃಷ್ಣಾ ತುಂಗಭದ್ರೆಗಳ ಕೂಡಲಿಯ ಚಾಲುಕ್ಯರ ಕಾಲದ ಸಂಗಮೇಶ್ವರ ದೇವಾಲಯವನ್ನು ಕಲ್ಲುಕಲ್ಲಾಗಿ ಬಿಚ್ಚಿ ಆಲಂಪುರಕ್ಕೆ ತಂದು ಮತ್ತೆ ಕಟ್ಟಲಾಯಿತು. ಯಾವ ಕಲ್ಲು ಎಲ್ಲಿತ್ತೆಂಬುದರ ನಿಖರವಾದ ದಾಖಲೆಯಿಲ್ಲದೆ ಇಂಥ ಕಾರ್ಯವು ಸಾಗದು. ಕಾಡಿನ ವಿಷಯದಲ್ಲಿಯೂ ಹಾಗೆಯೇ. ಇಂದು ಬಿಸಿಲು ಜಾಲರಿಯಂತೆ ಬೀಳುವ ಎಡೆಯಲ್ಲಿ ನಾಳೆ ಮರಗಳಿಲ್ಲದಿದ್ದರೆ, ಅಲ್ಲಿ ನೆರಳಿತ್ತೆಂದು ಹೇಳುವ ಸಾಕ್ಷಿ ಒಂದು ಬೇಕು. ಆದರೆ ಗುಡಿಯ ಕಲ್ಲನ್ನು ಸಾಗಿಸಬಹುದು; ಬಿದ್ದ ಕಾಡನ್ನು ಚಿತ್ರ ನೋಡಿಕೊಂಡು ಮತ್ತೆ ಕಟ್ಟಲಾಗದು. ಚಿತ್ರವಿದೆಯಲ್ಲ ಎಂಬ ಸಮಾಧಾನದಿಂದ ಕಾಡನ್ನು ಕಳೆದುಕೊಳ್ಳುವವನು ಉತ್ಸವಮೂರ್ತಿಯಿದೆಯೆಂದು ಗುಡಿಯನ್ನು ಪಾಳುಬಿಟ್ಟವನಂತೆ.

ಇಷ್ಟಾದರೂ ಒಂದು ಕಠಿಣವಾದ ಪ್ರಶ್ನೆ ಉಳಿಯುತ್ತದೆ. ಬಿಸಿಲುಕೋಲು ಇರುವುದು ಕೆಲವೇ ಗಳಿಗೆ. ಆ ಗಳಿಗೆಯಲ್ಲಿ ನೋಡಬೇಕೆ, ತೆಗೆಯಬೇಕೆ? ಎರಡಕ್ಕೂ ಕಾಲವಿಲ್ಲದಾಗ ಯಾವುದು ಮೊದಲು? ಅಮೆರಿಕದ ಮನಃಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ ಎಂಬವರು ವಸ್ತುಸಂಗ್ರಹಾಲಯವೊಂದರಲ್ಲಿ ಪ್ರಯೋಗ ನಡೆಸಿ 2014ರಲ್ಲಿ ಅದರ ಫಲವನ್ನು ಪ್ರಕಟಿಸಿದರು. ವಸ್ತುವನ್ನು ಬರಿದೇ ನೋಡಿದವರಿಗೆ ಅದು ಹೆಚ್ಚು ನೆನಪಿನಲ್ಲಿತ್ತು; ಇಡೀ ವಸ್ತುವಿನ ಚಿತ್ರ ತೆಗೆದವರಿಗೆ ನೆನಪು ಕಡಿಮೆಯಾಗಿತ್ತು. ನೆನಪಿಡುವ ಭಾರವನ್ನು ಯಂತ್ರಕ್ಕೆ ವಹಿಸಿ ಮನಸ್ಸು ಹಗುರಾಗಿತ್ತೆಂದು ತೋರುತ್ತದೆ. ಆದರೆ ವಸ್ತುವಿನ ಒಂದು ಭಾಗವನ್ನು ಸಮೀಪಕ್ಕೆ ತಂದು ಗಮನವಿಟ್ಟು ಚಿತ್ರ ತೆಗೆದವರ ನೆನಪು ಹಾಗೆ ಕುಗ್ಗಲಿಲ್ಲ. ಎಂದಮೇಲೆ ಮರೆವಿಗೆ ಕಾರಣ ಯಂತ್ರವಲ್ಲ, ಗಮನವಿಲ್ಲದ ಮನಸ್ಸು. ಪ್ರದಕ್ಷಿಣೆಯ ಲೆಕ್ಕವನ್ನು ಬೆರಳಿಗೆ ಬಿಟ್ಟು ಮನಸ್ಸನ್ನು ಸಂತೆಗೆ ಕಳುಹಿಸಿದ ಭಕ್ತನಿಗೂ ಇದೇ ಗತಿ.

ಗುಡಿಯಲ್ಲಿ ಮಂಗಳಾರತಿಗೆ ಮುಂಚೆ ಪ್ರಸಾದಕ್ಕೆ ಕೈಯೊಡ್ಡುವವರಿಲ್ಲ. ಮೊದಲು ದರ್ಶನ, ಆಮೇಲೆ ಪ್ರಸಾದ. ಕಾಡಿನಲ್ಲಿಯೂ ಈ ಕ್ರಮವೇ ಯುಕ್ತವಾದುದು. ಬಿಸಿಲು ಇಳಿದಾಗ ಮೊದಲು ನಿಲ್ಲಬೇಕು, ಕಣ್ತುಂಬ ನೋಡಬೇಕು, ಕೈಮುಗಿಯುವ ಮನಸ್ಸಾದರೆ ಮುಗಿಯಬೇಕು. ಅದಾದಮೇಲೆ ಬೆಳಕು ಇನ್ನೂ ಇದ್ದರೆ, ಯಾರಿಗಾಗಿ ತೆಗೆಯುತ್ತಿರುವೆನೆಂಬುದನ್ನು ನೆನೆದು ಚಿತ್ರವನ್ನು ತೆಗೆಯಬೇಕು. ಅಷ್ಟರಲ್ಲಿ ಬೆಳಕು ಸರಿದುಹೋಗಿದ್ದರೆ?

ಹೋಗಿದ್ದರೆ ಹೋಯಿತು. ಇದು ಹಗುರವಾದ ನಷ್ಟವೆಂದು ಹೇಳಲಾಗದು. ಮನೆಯಲ್ಲಿ ಕಾದಿರುವ ಅಜ್ಜಿಗೆ ಆ ಬೆಳಕು ಕಾಣದೆ ಹೋಯಿತೆಂಬುದು ನಿಜವೇ. ಆದರೆ ನೋಡದೆ ತೆಗೆದ ಚಿತ್ರವನ್ನು ಕೊಂಡೊಯ್ದವನು ಆಕೆಗೆ ಕೊಡುವುದಾದರೂ ಏನನ್ನು? ಅಲ್ಲಿ ಹೇಗಿತ್ತೆಂದು ಆಕೆ ಕೇಳಿದರೆ ಅವನಿಗೆ ಹೇಳಲು ಮಾತಿರುವುದಿಲ್ಲ. ಯಂತ್ರವನ್ನು ಆಕೆಯ ಮುಂದೆ ಹಿಡಿಯುವುದೊಂದೇ ಉಳಿಯುವುದು. ನೋಡಿ ಬಂದವನಿಗಾದರೋ ಮಾತಿರುತ್ತದೆ. ಶ್ರೀಶೈಲದಿಂದ ಮರಳಿದ ಹಿಂದಿನ ಯಾತ್ರಿಕರು ಊರಿನ ಕಟ್ಟೆಯ ಮೇಲೆ ಕುಳಿತು, ಕಾಡಿನ ದಾರಿ, ಕೊಳದ ನೀರು, ಬಿದಿರುಮೆಳೆಯ ನಡುವಣ ಬಿಸಿಲು ಇವೆಲ್ಲವನ್ನೂ ಕನ್ನಡ ಬಲ್ಲವರಿಗೆ ಕನ್ನಡದಲ್ಲಿಯೂ ತೆಲುಗು ಬಲ್ಲವರಿಗೆ ತೆಲುಗಿನಲ್ಲಿಯೂ ಹೇಳುತ್ತಿದ್ದರು. ಕೇಳಿದವರಲ್ಲಿ ಕೆಲವರು ಮರುವರ್ಷ ತಾವೇ ಬುತ್ತಿ ಕಟ್ಟಿಕೊಂಡು ಹೊರಡುತ್ತಿದ್ದರು. ಚಿತ್ರವೂ ಅಷ್ಟನ್ನು ಮಾಡಿದರೆ, ನೋಡಿದವನನ್ನು ಎಬ್ಬಿಸಿ ದಾರಿಗೆ ಹಚ್ಚಿದರೆ, ಅದನ್ನು ತೆಗೆದವನು ಬಾಗಿಲು ತೆಗೆದವನೇ ಸರಿ. ಸೂರ್ಯನಾರ್ಯಣನು ನಾಳೆಯೂ ಮೂಡುತ್ತಾನೆ. ಅವನನ್ನು ಕಾಣಲು ಎದ್ದು ಹೊರಗೆ ಬರುವುದು ಮಾತ್ರ ಮನುಷ್ಯನ ಪಾಲಿನ ಕೆಲಸವಾಗಿದೆ.